ಭೂಪಟವೂ ಜನಸೇವೆಯೂ

ಭೂಗೋಳದ ಪಾಠವೆಂದೊಡನೆ ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಅನೇಕರಿಗೆ ಗೋಡೆಯ ಮೇಲೆ ತೂಗುಹಾಕಿದ್ದ ದೊಡ್ಡ ನಕಾಶೆಯೂ, ಉಪಾಧ್ಯಾಯಿನಿಯ ಕೈಯಲ್ಲಿದ್ದ ಕೋಲೂ, ನದಿಗಳ ಹಾಗೂ ರಾಜಧಾನಿಗಳ ಉದ್ದವಾದ ಪಟ್ಟಿಯೂ ನೆನಪಿಗೆ ಬರುತ್ತವೆ. ಪರೀಕ್ಷೆ ಮುಗಿದ ಮರುದಿನವೇ ಆ ಪಟ್ಟಿಯು ಮರೆತುಹೋಯಿತೆಂದು ಹೇಳಿ ನಗುವವರೂ ಉಂಟು. ಮಾತಾಪಿತೃಗಳಲ್ಲಿ ಕೆಲವರು, “ಗಣಿತದಿಂದಲೂ ವಿಜ್ಞಾನದಿಂದಲೂ ನಮ್ಮ ಮಗಳಿಗೆ ಪ್ರಯೋಜನವಾದೀತು, ಈ ಭೂಗೋಳದಿಂದ ಆಗುವುದೇನು?” ಎಂದು ನಮ್ಮನ್ನು ಕೇಳುವುದುಂಟು. ಇದು ಅನುಚಿತವಾದ ಪ್ರಶ್ನೆಯಲ್ಲ. ಇದಕ್ಕೆ ತಕ್ಕ ಉತ್ತರವನ್ನು ಕೊಡುವುದು ಶಾಲೆಯವರಾದ ನಮ್ಮ ಕರ್ತವ್ಯವೆಂದು ಭಾವಿಸಿ, ನಕಾಶೆಯು ಈಗಿನ ಕಾಲದಲ್ಲಿ ಸರಕಾರಗಳಿಗೂ ಆರೋಗ್ಯ ಸಂಸ್ಥೆಗಳಿಗೂ ಪರೋಪಕಾರ ಸಂಘಗಳಿಗೂ ಎಂಥ ಸಾಧನವಾಗಿದೆ ಎಂಬುದನ್ನು ಈ ಸ್ಮರಣ ಸಂಚಿಕೆಯಲ್ಲಿ ವಿವರಿಸಲು ಯತ್ನಿಸುತ್ತೇನೆ.

ಸತ್ಯವೇದದ ಅರಣ್ಯಕಾಂಡವನ್ನು ಓದಿದವರಿಗೆ ಮೋಶೆಯು ಕಾನಾನ್ ದೇಶವನ್ನು ಸಂಚರಿಸಿ ನೋಡುವುದಕ್ಕಾಗಿ ಹನ್ನೆರಡು ಮಂದಿಯನ್ನು ಕಳುಹಿಸಿದ ವೃತ್ತಾಂತವು ತಿಳಿದೇ ಇದೆ. ಅಲ್ಲಿನ ಜನರು ಹೆಚ್ಚೋ ಕಡಿಮೆಯೋ, ಊರುಗಳಿಗೆ ಕೋಟೆಯುಂಟೋ ಇಲ್ಲವೋ, ಭೂಮಿಯು ಸಾರವಾದದ್ದೋ ಅಲ್ಲವೋ, ಮರಗಳಿವೆಯೋ ಇಲ್ಲವೋ ಎಂದು ವಿಚಾರಿಸಿ ಬರುವಂತೆ ಅವನು ಅವರಿಗೆ ಅಪ್ಪಣೆಮಾಡಿದನು. ಇವೆಲ್ಲವೂ ಒಂದೇ ನೆಲದ ವಿಷಯವಾಗಿ ಕೇಳಿದ ಬೇರೆ ಬೇರೆ ಪ್ರಶ್ನೆಗಳೆಂಬುದನ್ನು ಗಮನಿಸಬೇಕು. “ಎಷ್ಟು?” ಎಂಬ ಪ್ರಶ್ನೆಯೊಡನೆ “ಎಲ್ಲಿ?” ಎಂಬುದನ್ನೂ, “ಅದರ ಪಕ್ಕದಲ್ಲಿ ಏನಿದೆ?” ಎಂಬುದನ್ನೂ ಕೂಡಿಸಿ ಕೇಳುವುದೇ ನಾವು ಹೇಳಲಿರುವ ಶಾಸ್ತ್ರದ ಮೂಲವು.

ಈ ಮೂರು ಪ್ರಶ್ನೆಗಳನ್ನು ಕೂಡಿಸಿ ಕೇಳಿದ್ದರಿಂದ ಆದ ಉಪಕಾರಕ್ಕೆ ಲಂಡನ್ ನಗರದ ಒಂದು ಸಂಗತಿಯು ಉತ್ತಮ ನಿದರ್ಶನವಾಗಿದೆ. ೧೮೫೪ನೆಯ ಇಸವಿಯ ಆಗಸ್ಟ್ ತಿಂಗಳ ಕೊನೆಯ ದಿನ ಅಲ್ಲಿಯ ಸೋಹೋ ಎಂಬ ಭಾಗದಲ್ಲಿ ವಾಂತಿಭೇದಿಯ ರೋಗವು ಥಟ್ಟನೆ ತಲೆಯೆತ್ತಿತು. ಹತ್ತು ದಿನಗಳೊಳಗೆ ಐದುನೂರಕ್ಕೂ ಹೆಚ್ಚು ಜನರು ಮರಣ ಹೊಂದಿದರು. ರೋಗವು ಕೆಟ್ಟ ಗಾಳಿಯಿಂದ ಬರುತ್ತದೆಂಬುದು ಆ ಕಾಲದ ವಿದ್ವಾಂಸರ ನಂಬಿಕೆಯಾಗಿತ್ತು. ಡಾಕ್ಟರ್ ಜಾನ್ ಸ್ನೋ ಎಂಬ ವೈದ್ಯನು ಅದನ್ನು ಒಪ್ಪದೆ, ರೋಗವು ನೀರಿನಿಂದ ಹರಡುತ್ತದೆಂದು ಸಾಧಿಸುತ್ತಿದ್ದನು. ಅವನು ಸತ್ತವರ ಮನೆಗಳನ್ನು ವಿಚಾರಿಸಿ ನೋಡಲಾಗಿ, ಮರಣಗಳು ಬ್ರಾಡ್ ಬೀದಿಯ ಒಂದು ನೀರಿನ ಪಂಪಿನ ಸುತ್ತಲೂ ಗುಂಪುಗೂಡಿರುವುದು ಕಂಡಿತು. ಸೆಪ್ಟೆಂಬರ್ ೮ನೆಯ ತಾರೀಖಿನಲ್ಲಿ ಅಧಿಕಾರಿಗಳು ಆ ಪಂಪಿನ ಹಿಡಿಯನ್ನು ತೆಗೆಸಿಹಾಕಿದರು. ರೋಗವು ಅಷ್ಟರಲ್ಲಾಗಲೇ ಇಳಿಮುಖವಾಗಿತ್ತೆಂಬುದನ್ನೂ ಸತ್ಯಕ್ಕಾಗಿ ಹೇಳಬೇಕು. ಸ್ನೋ ಮಹಾಶಯನು ಬಳಿಕ ಪ್ರಕಟಿಸಿದ ನಕಾಶೆಯಲ್ಲಿ ಪ್ರತಿಯೊಂದು ಮರಣಕ್ಕೂ ಒಂದೊಂದು ಕಪ್ಪು ಗೆರೆಯನ್ನು ಆಯಾ ಮನೆಯ ಎದುರಿಗೆ ಹಾಕಿದ್ದನು.

ಈ ನಕಾಶೆಯಲ್ಲಿ ಗೆರೆಗಳಿದ್ದ ಸ್ಥಳಗಳಷ್ಟೇ ಅಲ್ಲ, ಗೆರೆಗಳಿಲ್ಲದ ಸ್ಥಳಗಳೂ ಪಾಠ ಕಲಿಸುತ್ತವೆ. ಪಂಪಿನ ಸಮೀಪದಲ್ಲಿಯೇ ಐದುನೂರಕ್ಕೂ ಹೆಚ್ಚು ಬಡವರಿದ್ದ ಅನಾಥಾಲಯವೊಂದಿತ್ತು. ಅದಕ್ಕೆ ಸ್ವಂತ ಬಾವಿಯಿದ್ದುದರಿಂದ ಅಲ್ಲಿ ಸತ್ತವರು ಐವರು ಮಾತ್ರ. ಇದಕ್ಕೆ ವಿರೋಧವಾಗಿ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿ ವಾಸಿಸುತ್ತಿದ್ದ ಒಬ್ಬ ವಿಧವೆಯು ಈ ಪಂಪಿನ ನೀರಿನ ರುಚಿಯನ್ನು ಮೆಚ್ಚಿ ದಿನವೂ ಅದನ್ನೇ ತರಿಸಿಕೊಳ್ಳುತ್ತಿದ್ದು, ಅದೇ ರೋಗದಿಂದ ಮೃತಳಾದಳು. ಆ ಸಭಾಪ್ರಾಂತದ ಉಪದೇಶಕರಾದ ಹೆನ್ರಿ ವೈಟ್‌ಹೆಡ್ ಎಂಬುವರು ಮೊದಲು ಸ್ನೋವಿನ ಮಾತನ್ನು ನಂಬಲಿಲ್ಲ. ಅದನ್ನು ಖಂಡಿಸಬೇಕೆಂದೇ ಅವರು ತಮಗೆ ಪರಿಚಿತರಾದ ಜನರ ಮನೆಮನೆಗೂ ಹೋಗಿ ವಿಚಾರಿಸಿದರು. ಕೊನೆಗೆ ಸ್ನೋ ಹೇಳಿದ್ದೇ ನಿಜವೆಂದು ಕಂಡುಕೊಂಡು, ಪಂಪಿನ ಬಳಿಯ ಮನೆಯೊಂದರಲ್ಲಿ ಕಾಯಿಲೆ ಬಿದ್ದಿದ್ದ ಹಸುಗೂಸಿನ ಬಟ್ಟೆಗಳನ್ನು ಒಗೆದ ನೀರು ಬಾವಿಗೆ ಬಸಿದು ಸೇರಿತೆಂಬುದನ್ನು ಪತ್ತೆಮಾಡಿದರು. ವೈದ್ಯನ ನಕಾಶೆ, ಉಪದೇಶಕರ ಮನೆಭೇಟಿ ಇವೆರಡೂ ಸೇರಿದಾಗಲೇ ಸತ್ಯವು ಹೊರಬಿದ್ದಿತು. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಸ್ನೋ ಕೈಯಿಂದ ಮಾಡಿದ ಕೆಲಸವನ್ನು ಈಗ ಗಣಕಯಂತ್ರದ ಸಹಾಯದಿಂದ ಮಾಡುವ ವಿಧಾನಕ್ಕೆ “ಭೌಗೋಳಿಕ ಮಾಹಿತಿ ವ್ಯವಸ್ಥೆ” ಎಂದು ಹೆಸರು. ಇದನ್ನೇ ಸಂಕ್ಷೇಪವಾಗಿ ಜಿ.ಐ.ಎಸ್. ಎನ್ನುವರು. ಹೆಸರು ಭಾರವಾಗಿದ್ದರೂ ಅರ್ಥವು ಸುಲಭವಾಗಿದೆ. ಎಣ್ಣೆಕಾಗದದ ನಾಲ್ಕು ಹಾಳೆಗಳನ್ನು ತೆಗೆದುಕೊಂಡು, ಒಂದರ ಮೇಲೆ ಊರಿನ ಹಳ್ಳಕೆರೆಗಳನ್ನೂ, ಎರಡನೆಯದರ ಮೇಲೆ ರಸ್ತೆಗಳನ್ನೂ, ಮೂರನೆಯದರ ಮೇಲೆ ಮನೆಗಳನ್ನೂ, ನಾಲ್ಕನೆಯದರ ಮೇಲೆ ಕುಡಿಯುವ ನೀರಿನ ಬಾವಿಗಳನ್ನೂ ಒಂದೇ ಅಳತೆಯಲ್ಲಿ ಬರೆದು, ಆ ಹಾಳೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿದರೆ, ಬಾವಿಯಿಲ್ಲದ ಕೇರಿ ಯಾವುದು, ಮಳೆಗಾಲದಲ್ಲಿ ದಾರಿಯಿಲ್ಲದಾಗುವ ಮನೆ ಯಾವುದು ಎಂಬುದು ಕೂಡಲೇ ಕಾಣುವುದು. ಪ್ರತ್ಯೇಕವಾದ ಯಾವ ಹಾಳೆಯಲ್ಲಿಯೂ ಈ ಸಂಗತಿಯು ಇಲ್ಲ. ಹಾಳೆಗಳು ಕೂಡಿದಾಗ ಮಾತ್ರವೇ ಅದು ತೋರುತ್ತದೆ. ಗಣಕಯಂತ್ರದಲ್ಲಿ ಈ ಹಾಳೆಗಳಿಗೆ ಪದರಗಳೆಂದು ಹೆಸರು. ನಾಲ್ಕಲ್ಲ, ನಾನೂರು ಪದರಗಳನ್ನಾದರೂ ಅದು ಬೇಸರವಿಲ್ಲದೆ ಹೊಂದಿಸಿ ಕೊಡುತ್ತದೆ.

ಯಂತ್ರವು ನೆಲದ ಮೇಲಿನ ವಸ್ತುಗಳನ್ನು ಮೂರು ರೂಪಗಳಲ್ಲಿ ಬರೆದಿಡುತ್ತದೆ. ಬಾವಿ, ಶಾಲೆ ಮೊದಲಾದುವು ಬಿಂದುಗಳು. ರಸ್ತೆ, ನದಿ ಮೊದಲಾದುವು ರೇಖೆಗಳು. ಹೊಲ, ಕೆರೆ, ತಾಲ್ಲೂಕು ಮೊದಲಾದುವು ಮೇರೆಯುಳ್ಳ ಕ್ಷೇತ್ರಗಳು. ಆಕಾಶದಿಂದ ತೆಗೆದ ಚಿತ್ರಗಳನ್ನು ಮಾತ್ರ, ಹೆಣ್ಣುಮಕ್ಕಳು ಕಸೂತಿಗಾಗಿ ಚೌಕಗಳನ್ನು ಎಣಿಸುವ ಬಟ್ಟೆಯಂತೆ, ಸಣ್ಣ ಸಣ್ಣ ಚೌಕಗಳಾಗಿ ಇಟ್ಟುಕೊಳ್ಳುತ್ತದೆ. ಪ್ರತಿಯೊಂದು ಬಿಂದುವಿಗೂ ಅಕ್ಷಾಂಶ ರೇಖಾಂಶಗಳೆಂಬ ವಿಳಾಸವಿರುತ್ತದೆ. ಅದರ ಹಿಂದೆ ಒಂದು ಕೋಷ್ಟಕವಿದ್ದು, ಶಾಲೆಯಾದರೆ ಮಕ್ಕಳೆಷ್ಟು, ಬಾವಿಯಾದರೆ ಆಳವೆಷ್ಟು ಎಂಬ ವಿವರಗಳು ಅದರಲ್ಲಿ ದಾಖಲಾಗಿರುತ್ತವೆ. ಹೊಸಹಳ್ಳಿ, ಹೊಸೂರು ಎಂಬ ಹೆಸರಿನ ಗ್ರಾಮಗಳು ನಮ್ಮ ನಾಡಿನಲ್ಲಿ ಎಷ್ಟೋ ಇರುವುದರಿಂದ, ಹೆಸರನ್ನು ಮಾತ್ರ ನಂಬಿದರೆ ಒಂದು ಊರಿನ ಅಕ್ಕಿ ಮತ್ತೊಂದು ಊರಿಗೆ ಹೋದೀತು. ಆದಕಾರಣ ಪ್ರತಿ ಗ್ರಾಮಕ್ಕೂ ಒಂದು ಸಂಖ್ಯೆಯನ್ನು ಕೊಟ್ಟು, ನಕಾಶೆಯನ್ನೂ ಜನಗಣತಿಯ ಕೋಷ್ಟಕವನ್ನೂ ಆ ಸಂಖ್ಯೆಯ ಮೂಲಕ ಜೋಡಿಸುತ್ತಾರೆ.

ಹೀಗೆ ಜೋಡಿಸಿದ ಮೇಲೆ ಪ್ರಶ್ನೆ ಕೇಳುವುದು ಸಾಧ್ಯವಾಗುತ್ತದೆ. ಹೊಸದೊಂದು ಹೆರಿಗೆ ಆಸ್ಪತ್ರೆಯನ್ನು ಎಲ್ಲಿ ಕಟ್ಟಬೇಕೆಂಬುದು ವಿಚಾರವೆಂದು ಇಟ್ಟುಕೊಳ್ಳೋಣ. ಈಗಿರುವ ಆಸ್ಪತ್ರೆಗಳಿಗೆ ಒಂದು ಗಂಟೆಯೊಳಗೆ ತಲುಪಲಾಗದ ಗ್ರಾಮಗಳು ಯಾವುವು, ಅವುಗಳಲ್ಲಿ ಸ್ತ್ರೀಯರ ಸಂಖ್ಯೆಯೆಷ್ಟು, ಮಳೆಗಾಲದಲ್ಲಿ ಮುಳುಗದ ರಸ್ತೆ ಯಾವುದು, ಎತ್ತರವಾದ ಸರಕಾರಿ ಜಮೀನು ಎಲ್ಲಿದೆ ಎಂದು ಒಂದೊಂದಾಗಿ ಕೇಳಿದರೆ, ಯಂತ್ರವು ತಕ್ಕ ಸ್ಥಳಗಳನ್ನು ಬಣ್ಣ ಹಾಕಿ ತೋರಿಸುತ್ತದೆ. ಕೊನೆಯ ತೀರ್ಮಾನವು ಮನುಷ್ಯರದು. ಆದರೆ ಶಿಫಾರಸಿನ ಬಲದಿಂದ ಆಸ್ಪತ್ರೆಯು ಯಾರದೋ ಮನೆಯ ಬಾಗಿಲಿಗೆ ಬರುವುದಕ್ಕೂ, ಅವಶ್ಯಕತೆಯಿರುವ ಗ್ರಾಮಕ್ಕೆ ಬರುವುದಕ್ಕೂ ಇರುವ ಭೇದವು ನಕಾಶೆಯ ಮೇಲೆ ಎಲ್ಲರಿಗೂ ಕಾಣುವಂತಾಗುತ್ತದೆ.

ಈ ವ್ಯವಸ್ಥೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುವೆನು. ನೆಲವನ್ನು ಶಾಸ್ತ್ರೀಯವಾಗಿ ಅಳೆಯುವ ಕಾರ್ಯದಲ್ಲಿ ನಮ್ಮ ನಾಡಿಗೂ ಒಂದು ಸ್ಥಾನವುಂಟು. ವಿಲಿಯಂ ಲ್ಯಾಂಬ್ಟನ್ ಎಂಬ ಅಧಿಕಾರಿಯು ೧೮೦೦ರಲ್ಲಿ ಬೆಂಗಳೂರಿನ ಸಮೀಪದಲ್ಲಿ ಉಕ್ಕಿನ ಸರಪಳಿಯಿಂದ ಒಂದು ಆಧಾರರೇಖೆಯನ್ನು ಅಳೆದನು. ೧೮೦೨ರಲ್ಲಿ ಅವನು ಮದರಾಸಿನಲ್ಲಿ ಆರಂಭಿಸಿದ ಮಹಾ ತ್ರಿಕೋನಮಿತಿ ಮೋಜಣಿಯು ಕ್ರಮೇಣ ಹಿಮಾಲಯದವರೆಗೂ ಮುಟ್ಟಿತು. ನಕಾಶೆಯನ್ನು ಗಣಕಯಂತ್ರದೊಡನೆ ಕೂಡಿಸಿದ ಕೀರ್ತಿಯು ರೋಜರ್ ಟಾಮ್‌ಲಿನ್‌ಸನ್ ಎಂಬ ಭೂಗೋಳ ಪಂಡಿತನದು. ೧೯೬೦ರ ದಶಕದಲ್ಲಿ ಕೆನಡಾ ದೇಶದ ಸರಕಾರವು ತನ್ನ ಅಪಾರವಾದ ಭೂಮಿಯಲ್ಲಿ ಬೇಸಾಯಕ್ಕೆ, ಅರಣ್ಯಕ್ಕೆ, ವನ್ಯಪ್ರಾಣಿಗಳಿಗೆ ತಕ್ಕ ನೆಲ ಯಾವುದೆಂದು ತಿಳಿಯಲು ಸಾವಿರಾರು ನಕಾಶೆಗಳನ್ನು ಹೋಲಿಸಬೇಕಾಗಿತ್ತು. ಅದನ್ನು ಕೈಯಿಂದ ಮಾಡುವುದು ಅಸಾಧ್ಯವೆನಿಸಿದಾಗ ಅವನು ಈ ಹೊಸ ವಿಧಾನವನ್ನು ರಚಿಸಿದನು. ಬಳಿಕ ಕೃತಕ ಉಪಗ್ರಹಗಳು ಬಂದುವು. ೧೯೭೨ರಲ್ಲಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹವೂ, ೧೯೮೮ರಲ್ಲಿ ನಮ್ಮ ಭಾರತದ ಐ.ಆರ್.ಎಸ್. ೧ಎ ಉಪಗ್ರಹವೂ ಆಕಾಶಕ್ಕೇರಿ ಭೂಮಿಯ ಚಿತ್ರಗಳನ್ನು ಕಳುಹಿಸತೊಡಗಿದುವು. ೨೦೦೯ರಲ್ಲಿ ನಮ್ಮ ಬಾಹ್ಯಾಕಾಶ ಸಂಸ್ಥೆಯು “ಭುವನ್” ಎಂಬ ಹೆಸರಿನಿಂದ ಇಂಥ ನಕಾಶೆಗಳನ್ನು ಸಾರ್ವಜನಿಕರಿಗೆ ತೆರೆದಿಟ್ಟಿತು. ಕರ್ನಾಟಕದ ದೂರಸಂವೇದಿ ಕೇಂದ್ರದವರು ಸಿದ್ಧಪಡಿಸಿದ “ದಿಶಾಂಕ್” ಎಂಬ ಸಾಧನವನ್ನು ಕೈಫೋನಿನಲ್ಲಿಟ್ಟುಕೊಂಡು ಹೊಲದಲ್ಲಿ ನಿಂತ ರೈತನು, ತಾನು ನಿಂತಿರುವ ನೆಲದ ಸರ್ವೆ ನಂಬರು ಯಾವುದೆಂದು ತಾನೇ ನೋಡಬಲ್ಲನು.

ಇನ್ನು ಈ ಲೇಖನದ ಮುಖ್ಯವಾದ ನಿದರ್ಶನಕ್ಕೆ ಬರುತ್ತೇನೆ. ಪೋಲಿಯೋ ರೋಗವು ಎಳೆಯ ಮಕ್ಕಳ ಕಾಲುಗಳನ್ನು ಜೀವಮಾನಕ್ಕೆಲ್ಲಾ ಸ್ವಾಧೀನ ತಪ್ಪಿಸುವಂಥದೆಂದು ತಾಯಂದಿರಿಗೆ ಹೇಳಬೇಕಾದುದಿಲ್ಲ. ೨೦೧೨ರಲ್ಲಿ ಇಡೀ ಪ್ರಪಂಚದಲ್ಲಿ ಕಂಡುಬಂದ ಸಹಜ ಪೋಲಿಯೋವಿನ ೨೨೩ ಪ್ರಕರಣಗಳಲ್ಲಿ ೧೨೨ ಆಫ್ರಿಕದ ನೈಜೀರಿಯಾ ದೇಶವೊಂದರಲ್ಲಿಯೇ ಇದ್ದುವು. ಅಲ್ಲಿ ಲಸಿಕೆಗೆ ಕೊರತೆಯಿರಲಿಲ್ಲ. ಹನಿ ಹಾಕುವ ಕಾರ್ಯಕರ್ತರೂ ಇದ್ದರು. ಮತ್ತೆ ಮತ್ತೆ ಲಸಿಕೆಯ ದಿನಗಳು ನಡೆಯುತ್ತಲೂ ಇದ್ದುವು. ಹಾಗಿದ್ದರೂ ರೋಗವು ಏಕೆ ತೊಲಗಲಿಲ್ಲ? ಕಾರಣಗಳು ಹಲವಿದ್ದುವು. ಅವುಗಳಲ್ಲಿ ಒಂದು, ಕಾರ್ಯಕರ್ತರ ಕೈಯಲ್ಲಿದ್ದ ನಕಾಶೆಗಳು. ಅವು ಅಂದಾಜಿನಿಂದ ಕೈಯಲ್ಲಿ ಬರೆದ ಚಿತ್ರಗಳು. ಅವುಗಳಲ್ಲಿ ದೂರವೂ ದಿಕ್ಕೂ ಸರಿಯಾಗಿರಲಿಲ್ಲ. ಎರಡು ವಿಭಾಗಗಳ ಗಡಿಯಲ್ಲಿದ್ದ ಸಣ್ಣ ಕೇರಿಗಳನ್ನು ಇವರು ಅವರಿಗೆ ಸೇರಿದುವೆಂದೂ ಅವರು ಇವರಿಗೆ ಸೇರಿದುವೆಂದೂ ತಿಳಿದು, ಕೊನೆಗೆ ಇಬ್ಬರೂ ಬಿಟ್ಟುಬಿಡುತ್ತಿದ್ದರು. ದನ ಮೇಯಿಸುತ್ತ ಅಲೆಯುವ ಜನರ ಬೀಡುಗಳಂತೂ ಯಾವ ನಕಾಶೆಯಲ್ಲಿಯೂ ಇರಲಿಲ್ಲ. ಪಟ್ಟಿಯಲ್ಲಿದ್ದ ಊರುಗಳಿಗೆಲ್ಲಾ ಹನಿ ಹಾಕಿ, “ಕೆಲಸವು ಪೂರ್ತಿಯಾಯಿತು” ಎಂದು ವರದಿ ಕಳುಹಿಸಿದವರು ಸುಳ್ಳು ಹೇಳಿದವರಲ್ಲ, ಪಟ್ಟಿಯೇ ಅಪೂರ್ಣವಾಗಿತ್ತು.

ಆಗ ಉಪಗ್ರಹದ ಚಿತ್ರಗಳನ್ನು ಪರೀಕ್ಷಿಸಿ, ಉತ್ತರ ನೈಜೀರಿಯಾದ ರಾಜ್ಯಗಳಲ್ಲಿ ಮನೆಗಳು ಕಾಣುವ ಪ್ರತಿಯೊಂದು ಸ್ಥಳವನ್ನೂ ಗುರುತಿಸಿದರು. ಹೆಸರೇ ಇಲ್ಲದಿದ್ದ ಸಾವಿರಾರು ಕೇರಿಗಳು ಹೀಗೆ ನಕಾಶೆಗೆ ಸೇರಿದುವು. ಕಾರ್ಯಕರ್ತರು ಸ್ಥಳವನ್ನು ತಾನಾಗಿ ಬರೆದಿಡುವ ಕೈಫೋನುಗಳನ್ನು ಒಯ್ದರು. ಸಾಯಂಕಾಲ ಅವರ ನಡಿಗೆಯ ಜಾಡನ್ನು ನಕಾಶೆಯ ಮೇಲೆ ಇಟ್ಟು ನೋಡಿದರೆ, ಯಾವ ಕೇರಿಗೆ ಯಾರೂ ಕಾಲಿಡಲಿಲ್ಲವೆಂಬುದು ತಿಳಿಯುತ್ತಿತ್ತು. ಅಲ್ಲಿಗೆ ಮತ್ತೆ ಹೋಗುತ್ತಿದ್ದರು. ಪ್ರಕರಣಗಳು ೨೦೧೩ರಲ್ಲಿ ೫೩ಕ್ಕೂ ೨೦೧೪ರಲ್ಲಿ ೬ಕ್ಕೂ ಇಳಿದುವು. ೨೦೧೬ರಲ್ಲಿ, ಯುದ್ಧದಿಂದಾಗಿ ಕಾರ್ಯಕರ್ತರು ಪ್ರವೇಶಿಸಲಾಗದಿದ್ದ ಬೋರ್ನೋ ಪ್ರಾಂತದಲ್ಲಿ ರೋಗವು ಮತ್ತೊಮ್ಮೆ ಕಂಡುಬಂದು ಎಲ್ಲರನ್ನೂ ನಿರಾಶೆಗೊಳಿಸಿತು. ಆದರೂ ಕೆಲಸವನ್ನು ಬಿಡದೆ ನಡೆಸಿದುದರಿಂದ, ೨೦೨೦ನೆಯ ಇಸವಿ ಆಗಸ್ಟ್ ೨೫ರಂದು ಜಾಗತಿಕ ಆರೋಗ್ಯ ಸಂಸ್ಥೆಯ ಆಫ್ರಿಕ ಪ್ರಾಂತವು ಸಹಜ ಪೋಲಿಯೋವಿನಿಂದ ಮುಕ್ತವಾಯಿತೆಂದು ಘೋಷಿಸಲ್ಪಟ್ಟಿತು. ಇದು ನಕಾಶೆಯೊಂದರಿಂದಲೇ ಆದ ಕಾರ್ಯವಲ್ಲ. ಬಿಸಿಲಿನಲ್ಲಿ ನಡೆದ ಸಹಸ್ರಾರು ಸ್ತ್ರೀಪುರುಷರ ಕಾರ್ಯವು. ಆದರೆ ನಡೆಯಬೇಕಾದ ದಾರಿಯನ್ನು ಅವರಿಗೆ ತೋರಿಸಿದ್ದು ನಕಾಶೆಯೇ.

ನಮ್ಮ ಮಲೆನಾಡಿನ ಮಂಗನ ಕಾಯಿಲೆಯ ವಿಷಯದಲ್ಲಿಯೂ ಇದೇ ವಿಧಾನವು ಉಪಯೋಗಕ್ಕೆ ಬಂದಿದೆ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ೧೯೫೭ರಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಕಾಡಿನ ಉಣುಗುಗಳ ಕಡಿತದಿಂದ ಬರುತ್ತದೆ. ಮಂಗಗಳು ಸತ್ತು ಬೀಳುವುದು ಇದರ ಮುನ್ಸೂಚನೆಯಾಗಿರುವುದರಿಂದ, ಸತ್ತ ಮಂಗವನ್ನು ಕಂಡ ಸ್ಥಳವನ್ನು ಸರಿಯಾಗಿ ಬರೆದು ತಿಳಿಸುವುದು ಅತ್ಯಗತ್ಯವಾಗಿದೆ. ಸಂಶೋಧಕರು ರೋಗ ಬಂದ ಗ್ರಾಮಗಳ ಪದರವನ್ನು ಅರಣ್ಯ, ತೋಟ, ಜಾನುವಾರುಗಳ ಪದರಗಳೊಡನೆ ಹೊಂದಿಸಿ ನೋಡಿ, ನಿತ್ಯಹಸುರಿನ ಕಾಡೂ ತೋಟಗಳೂ ಒಂದರೊಳಗೊಂದು ಬೆರೆತು ನಾಡದನಗಳು ಹೆಚ್ಚಾಗಿರುವ ಪ್ರದೇಶಗಳಲ್ಲಿ ಅಪಾಯವು ಅಧಿಕವೆಂದು ೨೦೨೦ರಲ್ಲಿ ಪ್ರಕಟಿಸಿದರು. ದರಕು ಗುಡಿಸಲು ಕಾಡಿಗೆ ಹೋಗುವ ಹೆಂಗಸರಿಗೆ ಯಾವ ಊರಿನಲ್ಲಿ ಮೊದಲು ಎಚ್ಚರಿಕೆ ಕೊಡಬೇಕೆಂಬುದನ್ನು ತಿಳಿಯಲು ಇಂಥ ನಕಾಶೆಯು ಸಹಾಯಕವಾಗಿದೆ.

ಸರಕಾರಗಳು ಮಾತ್ರವೇ ನಕಾಶೆ ಮಾಡಬೇಕೆಂಬ ನಿಯಮವಿಲ್ಲ. ೨೦೦೪ರಲ್ಲಿ ಆರಂಭವಾದ “ಓಪನ್‌ಸ್ಟ್ರೀಟ್‌ಮ್ಯಾಪ್” ಎಂಬ ಕಾರ್ಯದಲ್ಲಿ ಸಾಮಾನ್ಯರೇ ಸೇರಿ ಪ್ರಪಂಚದ ನಕಾಶೆಯನ್ನು ಬರೆಯುತ್ತಾರೆ. ೨೦೧೦ನೆಯ ಇಸವಿ ಜನವರಿ ೧೨ರಂದು ಹೈಟಿ ದೇಶದಲ್ಲಿ ಭಯಂಕರವಾದ ಭೂಕಂಪವಾದಾಗ, ಅದರ ರಾಜಧಾನಿಗೆ ವಿವರವಾದ ನಕಾಶೆಯು ದೊರೆಯುವಂತಿರಲಿಲ್ಲ. ದೂರದೇಶಗಳಲ್ಲಿದ್ದ ನೂರಾರು ಸ್ವಯಂಸೇವಕರು ತಮ್ಮ ಮನೆಗಳಲ್ಲಿ ಕುಳಿತು, ಉಪಗ್ರಹದ ಚಿತ್ರಗಳನ್ನು ನೋಡಿ ಬೀದಿಗಳನ್ನೂ ನಿರಾಶ್ರಿತರ ಬೀಡುಗಳನ್ನೂ ಬರೆದುಕೊಟ್ಟರು. ಕೆಲವೇ ವಾರಗಳಲ್ಲಿ ಸಿದ್ಧವಾದ ಆ ನಕಾಶೆಯನ್ನು ರಕ್ಷಣಾಕಾರ್ಯದವರು ಉಪಯೋಗಿಸಿದರು. ಮನೆಯಿಂದ ಹೊರಗೆ ಹೋಗಲು ಅನುಕೂಲವಿಲ್ಲದ ಸ್ತ್ರೀಯೂ ಮಾಡಬಹುದಾದ ಪರೋಪಕಾರವಿದು.

ಇಷ್ಟೆಲ್ಲಾ ಪ್ರಶಂಸಿಸಿದ ಮೇಲೆ ಇದರ ದೋಷಗಳನ್ನೂ ಹೇಳದಿದ್ದರೆ ಉಪಾಧ್ಯಾಯಿನಿಯ ಧರ್ಮಕ್ಕೆ ಕುಂದುಬರುವುದು. ಮೊದಲನೆಯದಾಗಿ, ಬಣ್ಣವು ಕಣ್ಣನ್ನು ಮೋಸಗೊಳಿಸಬಲ್ಲದು. ೨೦,೦೦೦ ಜನರಿರುವ ಪಟ್ಟಣದಲ್ಲಿ ೨೦ ಮಂದಿಗೂ, ೫೦೦ ಜನರಿರುವ ಹಳ್ಳಿಯಲ್ಲಿ ೫ ಮಂದಿಗೂ ಜ್ವರ ಬಂದರೆ, ಬರಿಯ ಸಂಖ್ಯೆಯನ್ನು ನೋಡಿ ಪಟ್ಟಣಕ್ಕೆ ಕೆಂಪು ಬಣ್ಣ ಹಾಕುವರು. ಆದರೆ ಪಟ್ಟಣದಲ್ಲಿ ಸಾವಿರಕ್ಕೆ ಒಬ್ಬರು, ಹಳ್ಳಿಯಲ್ಲಿ ಸಾವಿರಕ್ಕೆ ಹತ್ತು ಮಂದಿ ಎಂದಾಯಿತಷ್ಟೆ? ಆರನೆಯ ಭಾಗಾಹಾರದ ಪಾಠವು ಇಲ್ಲಿ ಪ್ರಾಣಕ್ಕೆ ಸಂಬಂಧಿಸಿದ ಪಾಠವಾಗುತ್ತದೆ. ಎರಡನೆಯದಾಗಿ, ಸರಾಸರಿಯು ಬಡವರನ್ನು ಮರೆಮಾಡುತ್ತದೆ. ತಾಲ್ಲೂಕಿನ ಸರಾಸರಿಯು ಚೆನ್ನಾಗಿದ್ದರೂ ಅದರೊಳಗಿನ ಒಂದು ಕೇರಿಯು ನೀರಿಲ್ಲದೆ ಇರಬಹುದು. ಮೂರನೆಯದಾಗಿ, ನಕಾಶೆಯನ್ನು ಅನ್ಯಾಯಕ್ಕೂ ಬಳಸಬಹುದು. ಅಮೆರಿಕ ದೇಶದಲ್ಲಿ ೧೯೩೦ರ ದಶಕದಲ್ಲಿ ಮನೆಸಾಲದ ಸರಕಾರಿ ಸಂಸ್ಥೆಯೊಂದು ನಗರಗಳನ್ನು ನಾಲ್ಕು ಬಣ್ಣಗಳಲ್ಲಿ ವಿಂಗಡಿಸಿ, ನೀಗ್ರೋ ಎಂದು ಆಗ ಕರೆಯಲ್ಪಡುತ್ತಿದ್ದ ಕಪ್ಪು ಜನರು ವಾಸಿಸುವ ಭಾಗಗಳನ್ನು ಸಾಲಕ್ಕೆ ಅಪಾಯಕರವೆಂದು ಕೆಂಪಿನಿಂದ ಗುರುತಿಸಿತು. ನಾಲ್ಕನೆಯದಾಗಿ, ಯಾರ ಮನೆಯಲ್ಲಿ ಯಾವ ಕಾಯಿಲೆಯಿದೆ ಎಂಬುದು ಊರಿಗೆಲ್ಲಾ ಕಾಣಬೇಕಾದ ವಿಷಯವಲ್ಲ. ಅನೇಕ ದೇಶಗಳಲ್ಲಿ ನಡೆಯುವ ಜನಾರೋಗ್ಯ ಸಮೀಕ್ಷೆಗಳಲ್ಲಿ, ವಿಚಾರಣೆ ನಡೆದ ಸ್ಥಳಗಳ ಬಿಂದುಗಳನ್ನು ಪಟ್ಟಣಗಳಲ್ಲಿ ಎರಡು ಕಿಲೋಮೀಟರಿನವರೆಗೂ, ಹಳ್ಳಿಗಳಲ್ಲಿ ಸಾಮಾನ್ಯವಾಗಿ ಐದು ಕಿಲೋಮೀಟರಿನವರೆಗೂ ಬುದ್ಧಿಪೂರ್ವಕವಾಗಿ ಸರಿಸಿ ಪ್ರಕಟಿಸುತ್ತಾರೆ. ನಂಬಿ ಹೇಳಿದವರ ಮಾನವನ್ನು ಕಾಪಾಡುವುದು ಸತ್ಯದ ಒಂದು ಭಾಗವೇ ಆಗಿದೆ.

ಈ ವಿದ್ಯೆಯು ಹೆಣ್ಣುಮಕ್ಕಳಿಗೆ ತಕ್ಕದ್ದೇ ಎಂದು ಸಂಶಯಪಡುವ ಮಾತಾಪಿತೃಗಳಿಗೆ ಎರಡು ಮಾತು. ಅಮೆರಿಕದ ಚಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ಎಂಬಾಕೆಯು ಸ್ಥಾಪಿಸಿದ್ದ “ಹಲ್ ಹೌಸ್” ಎಂಬ ಸೇವಾಗೃಹದ ಸ್ತ್ರೀಯರು, ನೆರೆಹೊರೆಯ ಬಡಜನರ ವಾರದ ಸಂಪಾದನೆಯನ್ನು ಮನೆಮನೆಯಲ್ಲಿ ವಿಚಾರಿಸಿ, ಬಣ್ಣದ ನಕಾಶೆಗಳನ್ನು ಮಾಡಿ ೧೮೯೫ರಲ್ಲಿಯೇ ಪ್ರಕಟಿಸಿದರು. ಮೇರಿ ಥಾರ್ಪ್ ಎಂಬ ವಿದುಷಿಯನ್ನು, ಹೆಂಗಸೆಂಬ ಕಾರಣದಿಂದ ಸಂಶೋಧನೆಯ ಹಡಗಿಗೆ ಬಹುಕಾಲ ಹತ್ತಗೊಡಲಿಲ್ಲ. ಆಕೆಯು ದಡದಲ್ಲಿಯೇ ಕುಳಿತು, ಇತರರು ತಂದ ಆಳದ ಅಳತೆಗಳಿಂದ ಸಮುದ್ರತಳದ ನಕಾಶೆಯನ್ನು ಬರೆದು, ಅಟ್ಲಾಂಟಿಕ್ ಸಾಗರದ ನಡುವಣ ಮಹಾಬಿರುಕನ್ನು ಕಂಡುಹಿಡಿದಳು. ಆಕೆಯ ಮಾತನ್ನು ಮೊದಲು ಅಲ್ಲಗಳೆದವರೇ ಬಳಿಕ ಒಪ್ಪಬೇಕಾಯಿತು. ಗ್ಲ್ಯಾಡಿಸ್ ವೆಸ್ಟ್ ಎಂಬ ಗಣಿತಜ್ಞೆಯು ಭೂಮಿಯ ನಿಜವಾದ ಆಕಾರವನ್ನು ಲೆಕ್ಕಮಾಡಿದುದು, ಇಂದು ನಮ್ಮ ಕೈಫೋನುಗಳಿಗೆ ಸ್ಥಳವನ್ನು ತಿಳಿಸುವ ವ್ಯವಸ್ಥೆಗೆ ಆಧಾರವಾಯಿತು. ಸಹನೆ, ಸೂಕ್ಷ್ಮದೃಷ್ಟಿ, ಲೆಕ್ಕದಲ್ಲಿ ಪ್ರಾಮಾಣಿಕತೆ ಇವಿಷ್ಟೇ ಈ ಕೆಲಸಕ್ಕೆ ಬೇಕಾದ ಗುಣಗಳು. ಆದಕಾರಣ, ಮಗಳು ಭೂಗೋಳವನ್ನು ಆರಿಸಿಕೊಳ್ಳುತ್ತೇನೆಂದರೆ ಬೇಡವೆನ್ನುವುದಕ್ಕೆ ಮೊದಲು ಒಂದು ಸಾರಿ ಯೋಚಿಸಿರೆಂದು ಮಾತ್ರ ಬೇಡಿಕೊಳ್ಳುತ್ತೇನೆ.

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ದಾದಿಯರೂ ಉಪಾಧ್ಯಾಯಿನಿಯರೂ ಕಛೇರಿಗಳಲ್ಲಿ ಕೆಲಸಮಾಡುವವರೂ ಇದ್ದೀರಿ. ಯಂತ್ರವು ಎಷ್ಟೇ ಚತುರವಾಗಿದ್ದರೂ, ಮನೆಬಾಗಿಲಿಗೆ ಹೋಗಿ ಕೇಳಿ ಬರೆದವರ ಬರಹಕ್ಕಿಂತ ಹೆಚ್ಚಿನದನ್ನು ಅದು ಹೇಳಲಾರದು. ಸೋಹೋವಿನ ಉಪದೇಶಕರ ಪಾಠವು ಇದೇ ಆಗಿದೆ. ಬಿಸಿಲೇರಿತೆಂದು ಊರ ಹೊರಗಿನ ಆ ಒಂದು ಗುಡಿಸಲನ್ನು ಬಿಟ್ಟು ಹಿಂದಿರುಗಿದರೆ, ನಕಾಶೆಯಲ್ಲಿ ಅಲ್ಲಿ ಬಿಳಿಯ ಜಾಗವು ಉಳಿಯುವುದು. ಆ ಬಿಳಿಯ ಜಾಗದಲ್ಲಿ ಒಂದು ಮಗು ಇರಬಹುದು. ನೂರು ಕುರಿಗಳುಳ್ಳ ಕುರುಬನು ಎಣಿಸಿ ನೋಡಿದ್ದರಿಂದಲೇ ಒಂದು ತಪ್ಪಿಹೋಗಿದೆಯೆಂದು ತಿಳಿದನು. ಅದು ಎಲ್ಲಿದೆಯೆಂದು ಹುಡುಕಿಕೊಂಡು ಹೋದುದರಿಂದಲೇ ಅದನ್ನು ಹೆಗಲ ಮೇಲೆ ಹೊತ್ತು ತಂದನು. ಎಣಿಸುವುದನ್ನೂ ಹುಡುಕುವುದನ್ನೂ ನಮ್ಮ ಹೆಣ್ಣುಮಕ್ಕಳಿಗೆ ಕಲಿಸುವುದಕ್ಕಾಗಿಯೇ ಈ ಶಾಲೆಯಲ್ಲಿ ಗಣಿತವನ್ನೂ ಭೂಗೋಳವನ್ನೂ ಹೇಳಿಕೊಡುತ್ತೇವೆ. ಇದೇ ನಮ್ಮನ್ನು ಪ್ರಶ್ನಿಸಿದ ಮಾತಾಪಿತೃಗಳಿಗೆ ನಾನು ವಿನಯದಿಂದ ಕೊಡುವ ಉತ್ತರವು.